ಸದ್ದು ಆಮೇಲೆ

ವಿಚಿಟಾದಲ್ಲಿ ಬಿರುಗಾಳಿ ಇರಲಿ, ಬಿಸಿಲಿರಲಿ,
ದಿನಕ್ಕೆ ಆರು ಸಲ ನಾನು ಯುದ್ಧವಿಮಾನ ಹಾರಿಸುತ್ತೇನೆ,
ಶೂ ಬಿಚ್ಚಿಟ್ಟು, ಕಾಲು ಸ್ಟೂಲಿನ ಮೇಲೆ ಚಾಚಿ.

ನಲವತ್ತು ನಿಮಿಷದ ಸಾಕ್ಷ್ಯಚಿತ್ರ. ಬಿಡಿಸಿ ಹಾಸಿದರೆ
ನಾಲ್ಕು ಕಿಲೋಮೀಟರು ರೀಲು.
ಉಕ್ಕಿನ ತಟ್ಟೆಯ ಮೇಲೆ ಸುತ್ತಿಕೊಂಡು ಮಲಗಿರುತ್ತದೆ
ಹೊಟ್ಟೆ ತುಂಬಿದ ಹೆಬ್ಬಾವಿನ ಹಾಗೆ.
ತಲೆ ಹಿಡಿದು ಎಬ್ಬಿಸಬೇಕು, ಹಲ್ಲುಗಾಲಿಗೆ ಪೋಣಿಸಬೇಕು,
ಧೂಳು ಊದಬೇಕು. ಒಂದು ಕೂದಲು ಸಿಕ್ಕಿಕೊಂಡರೂ
ಆರು ಅಂತಸ್ತಿನ ಆ ಪರದೆಯಲ್ಲಿ
ಅದು ವಿದ್ಯುತ್ ಕಂಬ.

ಚಿತ್ರ ಈ ಯಂತ್ರದಲ್ಲಿ. ಸದ್ದು ಅದೋ, ಆ ಯಂತ್ರದಲ್ಲಿ.
ಎರಡಕ್ಕೂ ಗಂಟು ಹಾಕುವುದು ನನ್ನ ಕೆಲಸ.
ಗಂಟು ಸರಿಯಿದ್ದಷ್ಟು ದಿನ
ನಾನೊಬ್ಬಳು ಇದ್ದೇನೆಂದು ಯಾರಿಗೂ ಗೊತ್ತಾಗುವುದಿಲ್ಲ.

ಗಾಜಿನ ಕಿಂಡಿಯಿಂದ ಕಾಣುವುದು ಹಿಂದಲೆಗಳು ಮಾತ್ರ.
ಶಾಲೆಯ ಮಕ್ಕಳು, ನಿವೃತ್ತ ಮೆಕ್ಯಾನಿಕ್‌ಗಳು,
ಕತ್ತಲೆಗೆಂದೇ ಬಂದ ಜೋಡಿಗಳು.
ವಿಮಾನ ಎಡಕ್ಕೆ ವಾಲಿದರೆ ಮುನ್ನೂರು ತಲೆಯೂ ಎಡಕ್ಕೆ,
ಬಲಕ್ಕೆ ಹೊರಳಿದರೆ ಬಲಕ್ಕೆ,
ಜೂನ್ ತಿಂಗಳ ಗೋಧಿ ಹೊಲ.
ಕುರ್ಚಿಗಳೇನೋ ಸಿಮೆಂಟಿಗೆ ಬೋಲ್ಟು ಹಾಕಿದವು.

ಭೂಮಿ ತಲೆಕೆಳಗಾದಾಗ ಎಲ್ಲರೂ ಒಟ್ಟಿಗೆ "ಓ" ಅನ್ನುತ್ತಾರೆ.
ಮೂರನೆಯ ಆಟದ "ಓ" ಬಂತೆಂದರೆ
ನನಗೆ ಊಟದ ಹೊತ್ತು.

ಕಳೆದ ಗುರುವಾರ ಐದನೆಯ ಸಾಲಿನಲ್ಲಿ
ಒಂದು ತಲೆ ವಾಲಲಿಲ್ಲ.
ಬಿಳಿ ಕೂದಲು, ಕಾರ್ಖಾನೆಯ ನೀಲಿ ಟೋಪಿ ತೊಡೆಯ ಮೇಲೆ.
ಪಕ್ಕದಲ್ಲಿ ಮೊಮ್ಮಗಳು, ಎರಡೂ ಕೈ ಚಾಚಿ ಹಾರುತ್ತಿದ್ದಾಳೆ.
ಅವನು ಪರದೆ ಬಿಟ್ಟು ಸೂರು ನೋಡುತ್ತಿದ್ದ.
ಅಲ್ಲೇನಿದೆ? ಎರಡು ದೀಪ, ಒಂದು ಗಾಳಿಕೊಳವೆ.

ಆಟ ಮುಗಿದ ಮೇಲೆ ಮೆಟ್ಟಿಲು ಹತ್ತಿ ಬಂದ.
ಹೆಸರು ಬುನ್‌ಥಾನ್. ಇಪ್ಪತ್ತಾರು ವರ್ಷ
ರೆಕ್ಕೆಗಳಿಗೆ ರಿವೆಟ್ ಹೊಡೆದವನಂತೆ,
"ಪ್ರಯಾಣಿಕರ ವಿಮಾನ," ಎಂದು ಒತ್ತಿ ಹೇಳಿದ.
ಅದಕ್ಕೂ ಮುಂಚೆ ಲಾವೋಸಿನ ಗುಡ್ಡಗಾಡಿನಲ್ಲಿ,
ಒಂದು ಗುಹೆಯಲ್ಲಿ, ಹುಡುಗ.
ದೂರು ಕೊಡಲು ಬಂದಿರಬೇಕೆಂದು ನಾನು ಫಾರಂ ಹುಡುಕತೊಡಗಿದೆ.
ಅವನು ಕೇಳಿದ್ದು ಯಂತ್ರದ ವಿಷಯ:
"ಸದ್ದು ಯಾಕೆ ವಿಮಾನದ ಜೊತೆಗೇ ಬರುತ್ತದೆ?"

"ಹಾಗಲ್ಲ ಅದು," ಎಂದ,
ಅಂಗೈಯನ್ನು ನನ್ನ ಮೂಗಿನ ಮುಂದೆ ಸರ್ರನೆ ಹಾಯಿಸಿ.
"ಮೊದಲು ಇದು. ಹೋಗಿಬಿಡುತ್ತದೆ.
ಎಮ್ಮೆ ಕೂಡ ತಲೆ ಎತ್ತಿರುವುದಿಲ್ಲ.
ಆಮೇಲೆ ಸದ್ದು.
ಸದ್ದು ಕೇಳಿಸಿತೋ, ನೀನು ಬದುಕಿದ್ದೀಯ ಅಂತ.
ನಾವು ಸದ್ದಿಗೆ ಹೆದರುತ್ತಿರಲಿಲ್ಲ.
ಸದ್ದು ಬಂದ ಮೇಲೆ ಅಮ್ಮ ನಮ್ಮನ್ನು ಎಣಿಸುತ್ತಿದ್ದಳು."

ಕೆಳಗಿನಿಂದ ಹುಡುಗಿ ಕೂಗಿದಳು, ಪಾಪ್‌ಕಾರ್ನ್ ಅಂಗಡಿ ಮುಚ್ಚುತ್ತಿದೆ ಎಂದು.
ಟೋಪಿ ಹಾಕಿಕೊಂಡು ಹೊರಟ.
ಚಿತ್ರ ಚೆನ್ನಾಗಿದೆ ಅಂತಲೂ ಅಂದ,
ಮೋಡಗಳಂತೂ ಬಹಳ.

ನನ್ನ ಅಜ್ಜ ಮೆನೊನೈಟ್ ಪಂಗಡದವನು.
ಸಮವಸ್ತ್ರ ತೊಡೆನೆಂದು ಹಟ ಹಿಡಿದು
ಯುದ್ಧ ಮುಗಿಯುವ ತನಕ ಹುಚ್ಚಾಸ್ಪತ್ರೆಯ ನೆಲ ಒರೆಸಿದ.
ಈ ಕೆಲಸ ನೋಡಿದ್ದರೆ ಏನೆನ್ನುತ್ತಿದ್ದನೋ.
ಸಂಬಳ ಎಷ್ಟು, ಎಂದಿರುತ್ತಿದ್ದ, ಬಹುಶಃ.

ರಾತ್ರಿ, ಕಸ ಗುಡಿಸುವವರೂ ಹೋದ ಮೇಲೆ,
ಗಂಟು ಬಿಚ್ಚಿದೆ.
ಸದ್ದನ್ನು ಒಂದೂವರೆ ಸೆಕೆಂಡು ಹಿಂದೆ ಬಿಟ್ಟೆ.
ಕೆಳಗಿಳಿದು ಅವನ ಕುರ್ಚಿಯಲ್ಲಿ ಕುಳಿತೆ.

ಕಣಿವೆಯ ಬಾಯಿಂದ ಅದು ಬಂತು.
ಬಂತು ಅನ್ನುವುದರೊಳಗೆ ಹೋಯಿತು.
ಪರದೆಯ ತುಂಬ ಬರಿಯ ಆಕಾಶ,
ತೊಳೆದು ಬೋರಲು ಹಾಕಿದ ಪಿಂಗಾಣಿ ಬಟ್ಟಲು.
ನನ್ನ ಕೈ ಪಕ್ಕದ ಕುರ್ಚಿ ತಡಕುತ್ತಿತ್ತು,
ಅದರ ಪಕ್ಕದ್ದು,
ಯಾರೂ ಇಲ್ಲ,
ಯಾರೂ ಬಂದಿರಲೇ ಇಲ್ಲ

ಆಗ ಬಿತ್ತು, ಬೆನ್ನ ಮೇಲೆ, ಸದ್ದು.

ಬೆಳಗ್ಗೆ ಹತ್ತಕ್ಕೆ ಸಲೈನಾದಿಂದ ಎರಡು ಬಸ್ಸು,
ನಾಲ್ಕನೆಯ ತರಗತಿ.
ಒಂಬತ್ತೂವರೆಗೇ ಗಂಟು ಮತ್ತೆ ಹಾಕಿದೆ, ಬಿಗಿಯಾಗಿ,
ಎರಡು ಸಲ ಎಳೆದು ನೋಡಿ.
ಟೀಚರು ಬಾಗಿಲಲ್ಲಿ ನಿಂತು
ಒಂದೊಂದೇ ತಲೆ ಮುಟ್ಟಿ ಒಳಗೆ ಬಿಡುತ್ತಿದ್ದಳು,
ಹದಿನೇಳು, ಹದಿನೆಂಟು.