ಚಕ್ಕುಬಂದಿ

ಹನ್ನೊಂದು ವರ್ಷ ಮಂದಿ ಜಾಗಾದ ಚಕ್ಕುಬಂದಿ ಟೈಪ್ ಹೊಡದೆ.
ಪೂರ್ವಕ್ಕ ಇಂಥವರ ಖುಲ್ಲಾ ಜಾಗಾ,
ಪಶ್ಚಿಮಕ್ಕ ಸರಕಾರಿ ಗಟಾರ,
ಉತ್ತರಕ್ಕ ತಕರಾರಿದ್ದ ಗ್ವಾಡಿ,
ದಕ್ಷಿಣಕ್ಕ ದಾರಿ.
ಕೋಟುಮಚಗಿ ವಕೀಲರ ಆಫೀಸಿನ್ಯಾಗ ನನ್ನ ಖುರ್ಚಿಗೆ ಮಾತ್ರ
ನಾಕೂ ದಿಕ್ಕಿಗೆ ಕಪಾಟು.
ಫ್ಯಾನಿನ ಗಾಳಿ ಪಕ್ಷಗಾರರ ಪಾಲಿಂದು.

ಈಗ ನಂದೂ ಒಂದು ಬರಕೋರಿ:
ಬೆಟಗೇರಿ, ಮಾಳಗಿ ಮ್ಯಾಲಿನ ಖೋಲಿ,
ಉದ್ದ ಎಂಟು ಫೂಟು, ಅಗಲ ಆರೂವರೆ.
ಪೂರ್ವಕ್ಕ ಕಿಟಕಿ, ಕಿಟಕಿಯಾಚೆ ಗಂಜಿಯವರ ಕೈಮಗ್ಗದ ಸಪ್ಪಳ.
ಪಶ್ಚಿಮಕ್ಕ ಅತ್ತಿಯವರ ಉಪ್ಪಿನಕಾಯಿ ಭರಣಿ, ಅದರ ಮ್ಯಾಲೆ ಯಾರದೂ ದಾವೆ ಇಲ್ಲ.
ಉತ್ತರಕ್ಕ ಲ್ಯಾಪ್‌ಟಾಪು, ಏಳು ಕಂತು ಬಾಕಿ.
ದಕ್ಷಿಣಕ್ಕ ಬಾಗಲಾ.
ಚಿಲಕ ಒಳಗಿಂದ ಐತಿ.

ಬಿಡೋ ದಿವಸ ವಕೀಲರು ಕೇಳಿದ್ರು,
‘ಎಲ್ಲಿಗ್ಹೋಗ್ತೀಯವಾ, ಯಾರು ಕೊಡ್ತಾರ ಕೆಲಸ?’
ಸಿಟ್ಟಲ್ಲ, ಖರೇನ ಕೇಳಿದ್ರು.
ಉತ್ತರ ಇರಲಿಲ್ಲ ನನ್ನ ಹತ್ರ.
ಶಿಕ್ಕಾ ಪ್ಯಾಡಿನ ಮುಚ್ಚಳ ಮುಚ್ಚಿ
ಟಿಫಿನ್ ಡಬ್ಬಿ ತಗೊಂಡು ಬಂದೆ.
ಮೊದಲ ತಿಂಗಳ ಬಂದದ್ದು ಒಂಬೈನೂರು ರೂಪಾಯಿ,
ಅದರಾಗ ಮುನ್ನೂರು ಒಂದು ಸೀಮಂತದ ಆಮಂತ್ರಣ ಟೈಪ್ ಮಾಡಿದ್ದು.

ಈಗ ರಾಣೆಬೆನ್ನೂರಿನ ವಕೀಲರು
ರಾತ್ರಿ ಊಟ ಮಾಡಕೋತನ ಕೈಫಿಯತ್ತು ಹೇಳ್ತಾರ,
ಫೋನಿನ್ಯಾಗ ಹಪ್ಪಳ ಮುರದದ್ದೂ ಕೇಳತೈತಿ.
ಅದನೊಂದ ಬಿಟ್ಟು ಎಲ್ಲಾ ಬರೀತೀನಿ.
ಹುಬ್ಬಳ್ಳಿ ನಿಲೋಫರ್ ವಕೀಲರದು ಒಂದ ಮಾತು,
‘ಸುಮಿತ್ರಕ್ಕಾ, ತಾರೀಖು ನಾಳೆ!’
ಪುಣೆದವರೊಬ್ಬರು, ಮಾರಿ ನೋಡಿಲ್ಲ ಇನ್ನೂ,
ಅಲ್ಪವಿರಾಮ ಹಾಕೂದು ಗೊತ್ತಿಲ್ಲ ಅವರಿಗೆ,
ರೊಕ್ಕಾ ಹಾಕೂದು ಗೊತ್ತು.

ಅತ್ತಿ ಕೇಳಿದ್ರು, ‘ವರ್ಚುವಲ್ ಅಂದ್ರ ಏನವಾ?’
‘ಇರೂದು. ಕೆಲಸಾ ಮಾಡೂದು. ಆದ್ರ ಯಾರಿಗೂ ಕಾಣೂದಿಲ್ಲ.’
‘ಅಯ್ಯ, ಹಂಗಾರ ನಲವತ್ತು ವರ್ಷ
ನಾನೂ ಅದನ ಆಗಿದ್ನೆಲ್ಲ!’
ಅಂದು, ಭರಣಿ ಒಂದಿಷ್ಟು ಆಚೆ ಸರಿಸಿ
ನನ್ನ ಕಾಗದಕ್ಕ ಜಾಗಾ ಮಾಡಿದ್ರು.

ಹ್ವಾದ ವಾರ ಒಂದು ದಾವೆದಾಗ
ಪೂರ್ವ ಪಶ್ಚಿಮ ಅದಲಾಬದಲಿ ಆಗಿತ್ತು.
ಯಾರೋ ತಿರಕವ್ವ, ಎಪ್ಪತ್ತೆರಡು ವರ್ಷ,
ಆಕಿ ದನದ ಕೊಟ್ಟಿಗಿ ಕಾಗದದಾಗ
ನೆರೆಯವರ ಬಾವಿಯೊಳಗ ಬಿದ್ದು ಕುಂತಿತ್ತು.
ಹಳೇ ಉತಾರ ತಗದು, ಎರಡು ಸಲ ನೋಡಿ
ಎರಡು ಶಬ್ದ ಬದಲಿ ಮಾಡಿದೆ.
ಕೊಟ್ಟಿಗಿ ಮ್ಯಾಲೆ ಬಂತು, ದನಾ ಸುದ್ದಾ.
ಕೆಳಗ ಸಹಿ ವಕೀಲರದು.
ನನ್ನ ಹೆಸರು ಎಲ್ಲೂ ಇಲ್ಲ.
ಇರಬೇಕು ಅಂತ ಒಂದ ಗಳಿಗಿ ಅನಿಸ್ತು, ಸುಳ್ಳ ಯಾಕ ಹೇಳ್ಲಿ.

ಆದ್ರ ನಿನ್ನೆ ಬಂದಿತ್ತು ಇನ್ನೊಂದು:
ಅಣ್ಣ ತಮ್ಮರು ಕೂಡಿ ತಂಗಿ ಕಡೆಯಿಂದ ಹಕ್ಕು ಬಿಡಿಸೋ ಪತ್ರ.
ತಾರೀಖು ಹಿಂದಿಂದು ಹಾಕ್ರಿ,
ಆಕಿ ಸಹಿಗೆ ಜಾಗಾ ಖಾಲಿ ಬಿಡ್ರಿ, ಆಮ್ಯಾಲೆ ನೋಡ್ತೀವಿ,
ರೇಟು ಡಬಲ್ ಕೊಡ್ತೀವಿ.
ಆಫೀಸಿನ್ಯಾಗ ಇದ್ರ ‘ಹೂಂ ಸರ್’ ಅಂತಿದ್ದೆ.
ಬಟ್ಟಿಗೆ ರೂಢಿ ಆಗಿತ್ತು ಆ ‘ಹೂಂ’.
ಚಹಾ ಆರೂತನಾ ಕುಂತೆ.
ಆಮ್ಯಾಲೆ ಬರದೆ, ಹನ್ನೊಂದು ವರ್ಷದಾಗ
ಯಾವ ಮಿಸಲಿನ್ಯಾಗೂ ಬರೀದ ಒಂದು ಸಾಲು:
ಇದು ನನ್ನ ಕಡೆ ಆಗೂದಿಲ್ರಿ.

ಆ ಗಿರಾಕಿ ಮತ್ತ ಬರಲಿಲ್ಲ.
ಕಂತು ಮಾತ್ರ ಐದನೇ ತಾರೀಖಿಗೆ ಬರತೈತಿ, ತಪ್ಪೂದಿಲ್ಲ.

ಈಗ ಕರೆಂಟ್ ಹ್ವಾತು.
ಗಂಜಿಯವರ ಮಗ್ಗಕ್ಕ ಅದರ ಹಂಗಿಲ್ಲ,
ಲಾಳಿ ಹೋಗತೈತಿ, ಬರತೈತಿ.
ಬ್ಯಾಟರಿ ಹದಿನಾಕು ಪರ್ಸೆಂಟ್.
ಮೇಜು ಪೂರ್ವಕ್ಕ ಎಳಕೊಂಡೆ, ಬೆಳಕು ಇದ್ದ ಕಡೆ.
ಇನ್ನ ಎರಡು ಪಾರಾ ಅದಾವು.