ವರ್ಷಕ್ಕೆ ಆರುನೂರು ಹಾವುಮೀನು

ಹೊಸ ದೊರೆಯ ಲೆಕ್ಕದ ಪುಸ್ತಕದಲ್ಲಿ ನಾನು ಒಂದು ಕಲಮು:
'ಹಿಂದೆ ರಾಣಿಯೆನಿಸಿಕೊಂಡಿದ್ದ ಎರ್ಮೆಸಿಂಡಳಿಗೆ
ವರ್ಷಕ್ಕೆ ಆರುನೂರು ಹಾವುಮೀನು,
ಎರಡು ಗಾಡಿ ಉರಿಯುವ ಕಪ್ಪುಮಣ್ಣು,
ಒಂದು ಪೀಪಾಯಿ ದ್ರಾಕ್ಷಾರಸ.'
ದ್ರಾಕ್ಷಾರಸ ಈವರೆಗೆ ಬಂದಿಲ್ಲ.
ಮೀನು ಮಾತ್ರ ತಪ್ಪದೆ ಬರುತ್ತದೆ
ಜವುಗಿನ ಮಂಜು ಸೀಳಿಕೊಂಡು, ವುಲ್ಮರನ ದೋಣಿಯಲ್ಲಿ,
ಬುಟ್ಟಿಯೊಳಗೆ ಇನ್ನೂ ಹೊಸೆದುಕೊಳ್ಳುತ್ತ.

ಹದಿನಾಲ್ಕಕ್ಕೆ ಗ್ಯಾಸ್ಕನಿಯಿಂದ ಹಡಗು ಹತ್ತಿದವಳು ನಾನು.
ಒಪ್ಪಂದದ ಹಾಳೆಯಲ್ಲಿ ಒಂದು ಕೋಟೆಯ ಕೆಳಗೆ
ಎರಡು ಬಂದರಿನ ಮೇಲೆ ನನ್ನ ಹೆಸರು.
ದಡಕ್ಕಿಳಿದಾಗ ನೆಲವೇ ತೂಗಾಡುತ್ತಿತ್ತು;
ಗಂಡ ನಕ್ಕ. ಒಳ್ಳೆಯ ಹಲ್ಲು.
ಹಾಸಿಗೆಯಲ್ಲಿ ಫ್ರೆಂಚು, ಪ್ರಾರ್ಥನೆಗೆ ಲ್ಯಾಟಿನ್ನು,
ಇಂಗ್ಲಿಷು ಕಲಿಸಿದವಳು ಅಗಸಗಿತ್ತಿ ಹಾವಿಸ್:
ಒದ್ದೆ. ಹಿಂಡು. ಒಣಗಿತು. ಕಲೆ ಹೋಗಲಿಲ್ಲ ತಾಯೀ.
ಅಷ್ಟು ಮಾತಿನಲ್ಲೇ ಹದಿನೆಂಟು ವರ್ಷ ರಾಣಿಯಾಗಿದ್ದೆ.

ದಾಯಾದಿಗಳ ಜಗಳ ನನಗಿಂತ ಹಳೆಯದು.
ಯಾರ ಅಜ್ಜ ಹಿರಿಯ, ಯಾವ ಅಜ್ಜಿ ಕಟ್ಟಿಕೊಂಡವಳು,
ಯಾವ ಅಜ್ಜಿ ಬರೀ ಇಟ್ಟುಕೊಂಡವಳು —
ಊಟಕ್ಕೆ ಕೂತರೆ ಪಕ್ಕದಲ್ಲಿ ಅದೂ ಕೂರುತ್ತಿತ್ತು.
ಕೊಕ್ಕರೆಯ ಬಾವುಟ ನಮ್ಮದು, ನೀರುನಾಯಿಯದು ಅವರದು.
ಎರಡೂ ತಿನ್ನುವುದು ಒಂದೇ ಕೆರೆಯ ಮೀನು
ಎಂದೆ ಒಮ್ಮೆ. ಯಾರೂ ನಗಲಿಲ್ಲ.
ಗಂಡ ಸೆರೆಯಾದ, ಬಿಡುಗಡೆಯಾದ, ಮತ್ತೆ ಸೆರೆಯಾದ;
ಕುದುರೆ ಅಡವಿಟ್ಟೆ, ಕಿವಿಯೋಲೆ, ಮದುವೆಯ ಬಟ್ಟಲು,
ಕೊನೆಗೆ ಬಾಯಿಮಾತನ್ನೂ ಅಡವಿಟ್ಟು ದಂಡು ಕೂಡಿಸಿದೆ.
ಎರಡನೆಯ ಸಲ ಸೆರೆಮನೆಯಿಂದ ಬಂದದ್ದು ಹೆಣ.

ವಿದರ್‌ಮೂರ್ ಬಯಲಿನಿಂದ ಒಬ್ಬ ಬಂದ.
ಉತ್ತರದವನು; ಮಾತೆಲ್ಲ ಗಂಟಲಲ್ಲೇ ಉರುಳುತ್ತಿತ್ತು.
ತಿಳಿಯಲಿಲ್ಲ, ಮತ್ತೆ ಹೇಳು, ಎಂದೆ.
ಹೇಳಿದ.
ನಿಧಾನವಾಗಿ, ಎಂದೆ.
ಹೇಳಿದ, ಕಿವುಡರಿಗೆ ಹೇಳುವಂತೆ, ಜೋರಾಗಿ.
ಸಭೆಯಲ್ಲಿ ಎಲ್ಲರಿಗೂ ತಿಳಿದಿತ್ತು; ಒಬ್ಬರೂ ಬಿಡಿಸಿ ಹೇಳಲಿಲ್ಲ.
ಮೂರನೆಯ ಸಲ ಅವನಲ್ಲಿ ಮಾತು ಮುಗಿದು
ಅಂಗೈಯನ್ನು ತನ್ನ ಭುಜದ ಎತ್ತರಕ್ಕೆ ಹಿಡಿದ
— ನನ್ನ ಆಮೌರಿಯ ಎತ್ತರ, ಹದಿನಾರು ವರ್ಷ —
ಮೆಲ್ಲಗೆ ನೆಲದವರೆಗೆ ಇಳಿಸಿದ.

ಅವನ ಬೂಟಿನ ಕೆಸರು ಜಮಖಾನದ ಮೇಲೆ ಒಣಗಿತು.
ತೊಳೆಯಲು ಬಂದ ಹಾವಿಸಳಿಗೆ ಬೇಡವೆಂದೆ.
ಆ ಬಯಲಿನ ಮಣ್ಣು ಅದು.

ಜವುಗಿನ ಈ ಮಠದಲ್ಲಿ ಹನ್ನೊಂದು ಚಳಿಗಾಲ ಕಳೆದೆ.
ನಿನ್ನೆ ರಾತ್ರಿ ವುಲ್ಮರನ ದೋಣಿಯಲ್ಲಿ, ಗೋಣಿಯಡಿ,
ಮೀನಿನ ಜೊತೆ ಒಬ್ಬ ಹೆಂಗಸು ಬಂದಳು.
ನೀರುನಾಯಿ ಮನೆಯ ರಾಣಿ, ರೋಹೆಸ್.
ನನ್ನನ್ನು ಒಂದು ಕಲಮಾಗಿಸಿ ಮುದ್ರೆಯೊತ್ತಿದವನ ಹೆಂಡತಿ.
ಈಗ ಅವನ ಸ್ವಂತ ತಮ್ಮನೇ ಅವನನ್ನು...
ಪೂರ್ತಿ ಹೇಳಲಾಗಲಿಲ್ಲ ಅವಳಿಗೆ.
ಮತ್ತೆ ಹೇಳು ಎನ್ನಲಿಲ್ಲ ನಾನು.

ಮಠದೊಡತಿ ನನ್ನ ಮುಖ ನೋಡಿದಳು.
ಎಷ್ಟು ಇರುಳು ಈ ಗಳಿಗೆಯನ್ನು ಅಟ್ಟು ಉಂಡಿದ್ದೆ!
ಬಾಗಿಲು ಮುಚ್ಚುವ ಸದ್ದು ಹೇಗಿರಬೇಕೆಂದೂ
ಗೊತ್ತುಮಾಡಿಕೊಂಡಿದ್ದೆ.
ಅವಳ ಲಂಗದಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.
ಒದ್ದೆ, ಎಂದೆ. ಹಾವಿಸ್ ಕಲಿಸಿದ ಮೊದಲ ಮಾತು.

ಸಾರು ಬಡಿಸಿದರೆ ತಿನ್ನಲು ಬಾರದು,
ಮುಳ್ಳು ಬಿಡಿಸಿಟ್ಟದ್ದನ್ನೇ ಉಂಡು ಬೆಳೆದ ಬಾಯಿ.
ತಟ್ಟೆ ಎಳೆದುಕೊಂಡು ನಾನೇ ಬಿಡಿಸತೊಡಗಿದೆ.
ದಾದಿಯನ್ನು ಗದರಿಸಿ ಕಳಿಸಿ ಹೀಗೇ ಕೂರುತ್ತಿದ್ದೆ ಒಂದು ಕಾಲಕ್ಕೆ;
ಮೂರು ವರ್ಷದ ಬಾಯಿಗೆ ಎಷ್ಟು ಸಣ್ಣ ತುಂಡೆಂದು
ಬೆರಳಿಗೆ ಇನ್ನೂ ಗೊತ್ತು.

ಇಬ್ಬರಿಗೆ ಆರುನೂರು ಸಾಲದು.
ಬೆಳಗಾದರೆ ವುಲ್ಮರನಿಗೆ ಹೇಳಬೇಕು.
ಯಾರ ಲೆಕ್ಕಕ್ಕೆ ಬರೆಸಲಿ, ಎಂದು ಅವನು ಕೇಳುತ್ತಾನೆ.