ಅಚ್ಚು ತೊಳೆಯುವವಳು

ಹಸಿ ಇದ್ದಾಗ ಮುಟ್ಟಬೇಡ, ಅನ್ನುತ್ತಾಳೆ ಮುನಿಲಕ್ಷ್ಮಕ್ಕ.
ಅಂಚಿಗೆ ಹರಿದ ರೆಸಿನ್
ಒಂದು ರಾತ್ರಿ ತಾನೇ ಗಟ್ಟಿಯಾಗಲಿ,
ಬೆಳಿಗ್ಗೆ ಮೂಲೆ ಹಿಡಿದು ಎಳೆದರೆ
ಹಾಲಿನ ಕೆನೆಯ ಹಾಗೆ ಬರುತ್ತದೆ.
ಅವಸರದವರು ಒರೆಸಿ ಒರೆಸಿ
ಬಟ್ಟೆಯನ್ನೂ ಕೆಡಿಸುತ್ತಾರೆ, ಅಚ್ಚನ್ನೂ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ಮಹಡಿಯ ಮೇಲೆ ನಮ್ಮದು ಒಂದೇ ಕೋಣೆ.
ಕೀಲಿಗೊಂಚಲು, ಬಾಗಿಲ ಹೆಸರಫಲಕ,
ಮದುವೆಗೆ ಕೊಡುವ ತಟ್ಟೆ.
ಕಿಟಕಿ ತೆರೆದರೆ ಹುಳು ಬೆಂದ ವಾಸನೆ,
ಮುಚ್ಚಿದರೆ ರೆಸಿನ್ನಿನದು.
ನಾವು ಅರ್ಧ ತೆರೆದಿಡುತ್ತೇವೆ.

ಶನಿವಾರ ತೊಳೆಯುವ ದಿನ.
ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು,
ಪಾತ್ರೆ ಸೋಪಿನ ನಾಲ್ಕು ಹನಿ,
ಮಗುವಿನ ಹಲ್ಲುಜ್ಜುವ ಮೆತ್ತನೆ ಬ್ರಷ್.
ನಾರು ಬೇಡ, ಬೂದಿ ಬೇಡ.
ಒಂದು ಗೀರು ಬಿದ್ದರೆ
ಆಮೇಲಿನ ನೂರು ಹೆಸರಿಗೂ ಅದೇ ಗೀರು.
'ಳ' ಅಕ್ಷರದ ಸುರುಳಿಯಲ್ಲಿ ಮಿನುಗುಪುಡಿ ಕೂತಿರುತ್ತದೆ,
ಟೇಪು ಒತ್ತಿ ಎಬ್ಬಿಸಬೇಕು.
ಹೋದ ವಾರದ ಮದುಮಗಳ ಬಂಗಾರ
ಈ ವಾರದ ಹಲ್ಲಿನ ಡಾಕ್ಟರ ಬೋರ್ಡಿಗೆ ಹತ್ತಬಾರದಲ್ಲ.

ಹೊಳೆಯುವ ಒಳಮೈ ಮಾತ್ರ ನಾನು ಮುಟ್ಟುವ ಹಾಗಿಲ್ಲ.
ಬೆರಳು ತಾಗಿದರೆ ಜಿಡ್ಡಿನ ಗೆರೆ ಕೂರುತ್ತದೆ,
ಎರೆದ ಮೇಲೆ ಅದೇ ಗೆರೆ ಎದ್ದು ಬರುತ್ತದೆ.
ದೀಪಾವಳಿಯ ಗಡಿಬಿಡಿಯಲ್ಲಿ ಹೀಗೇ ಆಗಿ
ಹನ್ನೊಂದು ಮನೆಯ ಬಾಗಿಲಲ್ಲಿ
ಅವರವರ ಹೆಸರಿನ ಕೆಳಗೆ ನನ್ನ ಹೆಬ್ಬೆಟ್ಟಿದೆ.
ಯಾರೂ ಕೇಳಿಲ್ಲ. ನಾನು ಹೇಳಿಲ್ಲ.

ಅಕ್ಕನ ಬೆರಳಿಗೆ ಆ ಭಯವಿಲ್ಲ.
ಇಪ್ಪತ್ತಾರು ವರ್ಷ ಬಿಚ್ಚಾಣಿಕೆಯಲ್ಲಿ
ಕುದಿನೀರ ತೊಟ್ಟಿಗೆ ಕೈ ಅದ್ದಿ
ಎಳೆಯ ತುದಿ ಹುಡುಕಿದವಳು;
ಗೂಡಿನ ನೂಲು ಬಿಚ್ಚುತ್ತ ಬಿಚ್ಚುತ್ತ
ಬೆರಳಿನ ಗೆರೆಯೂ ಬಿಚ್ಚಿಹೋಯಿತು.
ರೇಷನ್ ಅಂಗಡಿಯ ಯಂತ್ರ
ತಿಂಗಳು ತಿಂಗಳೂ ಅವಳನ್ನು ಯಾರೆಂದು ಕೇಳುತ್ತದೆ.
ಕೈ ಒರೆಸಿಕೊಂಡು ಇಡಮ್ಮ, ಅನ್ನುತ್ತಾನೆ ಹುಡುಗ.
ಏನು ಒರೆಸಲಪ್ಪ, ಅನ್ನುತ್ತಾಳೆ, ಒರೆಸಿಯೇ ಆಗಿದೆ.

ಹಾಗಾಗಿ ಕನ್ನಡಿಯಂಥ ಅಚ್ಚೆಲ್ಲ ಅವಳ ಪಾಲು.
ಒಳಗನ್ನು ಹೊರಗೆ ತಿರುವಿ,
ಬೆಳಕಿಗೆ ಹಿಡಿದು, ಊದಿ,
ಹಳೆಯ ಚಂದ್ರಂಕಿಯ ಮೇಲೆ ಬೋರಲು ಹಾಕುತ್ತಾಳೆ.
ಬಿಸಿಲಿಗಲ್ಲ, ನೆರಳಿಗೆ.
ಒಣಗಿದ್ದನ್ನು ಡಬ್ಬಿಯಲ್ಲಿ ಅಂಗಾತ, ನಡುವೆ ಬಟರ್ ಪೇಪರ್;
ಮಡಚಿಟ್ಟರೆ ಆ ಮಡಿಕೆಯೇ ಅದರ ಬುದ್ಧಿ ಆಗುತ್ತದೆ,
ಮುಚ್ಚಳ ಮರೆತರೆ
ಊರ ಕೂದಲೆಲ್ಲ ಅದರ ಮೈಮೇಲೆ.

ಒಮ್ಮೆ ಕಲೆಸಿದ ಸಿಲಿಕೋನ್ ಒಂದು ಉಂಡೆ ಮಿಕ್ಕಿತ್ತು.
ನೋಡೋಣವೆಂದು ಹೆಬ್ಬೆರಳು ಒತ್ತಿದಳು,
ಅರ್ಧ ಗಂಟೆ ಅಲ್ಲಾಡದೆ ಕೂತಳು.
ಬಿಡಿಸಿದರೆ ಒಂದು ಗುಳಿ,
ಹುಣಸೆಬೀಜದ ಸಿಪ್ಪೆಯ ಒಳಗಿನಷ್ಟು ನುಣುಪು.
ನಕ್ಕಳು. ನಾನು ನಗಲಿಲ್ಲ, ಆಮೇಲೆ ನಕ್ಕೆ.

ಈಗ ಅದರಲ್ಲಿ ಕೀಲಿಗೊಂಚಲಿನ ಚಿಕ್ಕ ಸ್ಕ್ರೂ ಹಾಕಿಡುತ್ತೇವೆ.
ಶನಿವಾರ ಅದನ್ನೂ ತೊಳೆಯುತ್ತಾಳೆ.